ನಮ್ಮ ಮಣ್ಣಿನ ವರದಿ ಎಲ್ಲಿ? ಜಂಟಿ ಕೃಷಿ ನಿರ್ದೇಶಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದ್ದಾಯಿತು, ನಿಮ್ಮ ಕಚೇರಿಗೆ ಬರೆದದ್ದಾಯಿತು, ಸಭೆಯಲ್ಲಿ ಅರ್ಜಿ ಕೊಟ್ಟದ್ದೂ ಆಯಿತು. ‘ಮೇಲಿನಿಂದ ಬರಬೇಕು’ ಅನ್ನುವುದರ ಹೊರತು ಉತ್ತರ ಸಿಗಲಿಲ್ಲ. ಅದಕ್ಕೇ ಈ ಪತ್ರ ಹತ್ತು ಜನರ ಮುಂದೆ.

ಸಂಗತಿ ಈ ಕಡೆಯವರಿಗೆಲ್ಲ ಗೊತ್ತು. ನನ್ನ ಹೊಲದಲ್ಲಿ ಅಕ್ಕಪಕ್ಕ ಎರಡು ತಾಕು, ಎರಡಕ್ಕೂ ಜಿಪಿಯು-28 ರಾಗಿಯೇ. ಒಂದಕ್ಕೆ ಯೂರಿಯಾ, ಡಿಎಪಿ, ಕಳೆನಾಶಕ; ಇನ್ನೊಂದಕ್ಕೆ ಕೊಟ್ಟಿಗೆ ಗೊಬ್ಬರ, ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಬಿತ್ತುವ ಮೊದಲು ನಿಮ್ಮ ಸಿಬ್ಬಂದಿ ಬಂದು ಮಣ್ಣು ತೆಗೆದರು. ‘ವಿ’ ಆಕಾರದ ಗುಂಡಿ ತೋಡಿ, ಆರಂಗುಲದವರೆಗೆ ಕೆರೆದು, ಗೋಣಿತಾಟಿನ ಮೇಲೆ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಚೆಲ್ಲಿ, ಮತ್ತೆ ಕಲಸಿ ಮತ್ತೆ ಪಾಲು ಮಾಡಿ, ಕೊನೆಗೆ ಉಳಿದ ಅರ್ಧ ಕಿಲೋ ಮಣ್ಣನ್ನು ಬಟ್ಟೆ ಚೀಲಕ್ಕೆ ತುಂಬಿದರು. ಬೆಳೆಯೆಲ್ಲ ಮುಗಿದ ಮೇಲೂ ಹಾಗೆಯೇ ಒಯ್ದರು. ಕ್ಷೇತ್ರೋತ್ಸವದಲ್ಲಿ ನೀವು ಮೈಕ್ ಹಿಡಿದು ಹೇಳಿದಿರಿ: ಎರಡೂ ತಾಕಿನ ಮಣ್ಣಿನ ವರದಿಯನ್ನು ಊರಿಗೆ ಬಂದು ನಾನೇ ಓದುತ್ತೇನೆ.

ನೀವು ಬರಲಿಲ್ಲ. ಬಂದದ್ದು ಒಂದು ಕರಪತ್ರ: ‘ಅಕ್ಕಡಿ ಪದ್ಧತಿಯಲ್ಲಿ ಇಳುವರಿ ಕಡಿಮೆ.’

ಯಾವುದರ ಇಳುವರಿ? ತಕ್ಕಡಿಗೆ ಏರಿದ್ದು ರಾಗಿ ಮಾತ್ರ. ಆ ದಿನ ಅವರೆ ಇನ್ನೂ ಹೂವಾಡುತ್ತಿತ್ತು. ಅದು ಕಾಯಿ ಕಟ್ಟಿದ್ದು ಧನುರ್ಮಾಸದಲ್ಲಿ, ಆಗ ನಿಮ್ಮವರು ಯಾರೂ ಈ ಕಡೆ ತಲೆ ಹಾಕಲಿಲ್ಲ. ಬರೀ ರಾಗಿಯ ತಾಕಿನಲ್ಲಿ ರಾಗಿ ಹೆಚ್ಚು ಬಂತು, ನಿಜ. ಅಕ್ಕಡಿಗೆ ಕಳೆ ಕೀಳುವ ಆಳಿನ ಖರ್ಚೂ ಹೆಚ್ಚು, ಅದನ್ನೂ ಬರೆಯಿರಿ. ಆದರೆ ಅರ್ಧ ಬೆಳೆ ಹೊಲದಲ್ಲಿ ನಿಂತಿರುವಾಗಲೇ ತೀರ್ಪು ಬರೆಯುವುದು ಯಾವ ನ್ಯಾಯ?

ಇನ್ನು ಮಣ್ಣು, ನೀರಿನ ಮಾತು. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕ. ಪೈರು ಹೀರದೆ ಬಿಟ್ಟದ್ದು ಮಳೆನೀರಿನೊಂದಿಗೆ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಅದು ಭೂಮಿಯನ್ನು ಸುಮಾರು 270 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಅವರೆಯ ಬೇರಿನ ಗಂಟು ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತದೆ. ರಾಗಿಗೆ ಹೊಡೆಯುವ 2,4-ಡಿ ಕಳೆನಾಶಕ ಅಗಲ ಎಲೆಯ ಗಿಡವನ್ನೆಲ್ಲ ಸುಡುತ್ತದೆ. ಅದನ್ನು ಹೊಡೆದ ತಾಕಿನಲ್ಲಿ ಅವರೆಯೂ ಉಳಿಯದು, ಹೆಂಗಸರು ಬೆರಕೆ ಸೊಪ್ಪಿಗೆ ಆರಿಸುವ ಅಣ್ಣೆ ಸೊಪ್ಪೂ ಉಳಿಯದು. ಇದರಲ್ಲಿ ಒಂದು ಅಕ್ಷರವೂ ನಿಮ್ಮ ಕರಪತ್ರದಲ್ಲಿಲ್ಲ.

ರಸಗೊಬ್ಬರ ನಿಷೇಧಿಸಿ ಎಂದು ಯಾರೂ ಕೇಳುತ್ತಿಲ್ಲ. 2021ರಲ್ಲಿ ಶ್ರೀಲಂಕಾ ರಾತ್ರೋರಾತ್ರಿ ಹಾಗೆ ಮಾಡಿ, ಅದೇ ವರ್ಷ ಹಿಂದೆ ಸರಿಯಿತು; ಆದರೂ ಭತ್ತದ ಫಸಲು ಕುಸಿಯಿತು. ನಾವು ಕೇಳಿದ್ದು ಪೂರ್ತಿ ಲೆಕ್ಕ. ಸಾವಯವ ಇಂಗಾಲ ಎಷ್ಟಿತ್ತು, ಎಷ್ಟಾಯಿತು? 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲೇ ಆ ಅಂಶವಿದೆ, ಹೊಸ ಪರೀಕ್ಷೆಯೇನೂ ಬೇಕಿಲ್ಲ.

ಈ ರಾಜ್ಯ 2004ರಲ್ಲೇ ಸಾವಯವ ಕೃಷಿ ನೀತಿ ತಂದಿದೆ. 2023ರ ಸಿರಿಧಾನ್ಯ ವರ್ಷದಲ್ಲಿ ವೇದಿಕೆ ಏರಿದವರೆಲ್ಲ ರಾಗಿ ಹೊಗಳಿದರು. ಆದರೆ 45 ಕೆಜಿ ಯೂರಿಯಾ ಚೀಲ ಸಬ್ಸಿಡಿಯಲ್ಲಿ 300 ರೂಪಾಯಿಯೊಳಗೆ ಸಿಗುವಾಗ, ನಮ್ಮೂರಲ್ಲಿ ಒಂದು ಗಾಡಿ ತಿಪ್ಪೆಗೊಬ್ಬರಕ್ಕೆ ಬಿಡಿಗಾಸಿನ ನೆರವು ಕಂಡವರಿಲ್ಲ. ದನ ಮಾರಿದವರಿಗೆ ಗೊಬ್ಬರ ಎಲ್ಲಿಂದ ಬರಬೇಕು? ಭಾಷಣದಿಂದಲೇ?

ನಿಮ್ಮ ಕರಪತ್ರ ನಂಬಿ ಕೆಲವರು ಈ ಸಲ ಅಕ್ಕಡಿ ಬೀಜವನ್ನೇ ಎತ್ತಿಡಲಿಲ್ಲ. ಆ ಮಣ್ಣು ನಿಮ್ಮ ಮನೆಯದಲ್ಲ, ನಮ್ಮದು. ಅದರ ವರದಿ ಬಚ್ಚಿಡುವ ಅಧಿಕಾರ ನಿಮಗಿಲ್ಲ. ಕೊಟ್ಟ ಮಾತಿನಂತೆ ಬಂದು ಓದಿ. ಅದರಲ್ಲಿ ನಮ್ಮ ಪದ್ಧತಿ ಸೋತಿದ್ದರೂ ಓದಿ, ಊರವರ ಮುಂದೆ ಕೂತು ಕೇಳುತ್ತೇವೆ. ಮುಂದಿನ ಮುಂಗಾರಿಗೆ ಮೊದಲು ಕರಪತ್ರ ಹಿಂಪಡೆದು, ಅವರೆ, ತೊಗರಿ, ಹುಚ್ಚೆಳ್ಳು, ಮೇವು ಎಲ್ಲ ಸೇರಿಸಿ ತಿದ್ದಿ ಹಂಚಿ. ತೂಕದ ಚೀಟಿಗಳು ನನ್ನ ಬಳಿ ಇವೆ.

ಇತಿ,
ಒಬ್ಬ ರಾಗಿ ಬೆಳೆಗಾರ