ಕೆರೆಗೆ ನೀರು ಬಂತು, ಕೆರೆ ಮಾತ್ರ ಊರಿಗೆ ಬರಲಿಲ್ಲ

ಕೋಲಾರದಿಂದ ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವರಿಗೆ ನರಸಾಪುರದ ಸುತ್ತಮುತ್ತ ಕೆರೆಗಳಲ್ಲಿ ನೀರು ನಿಂತಿರುವುದು ಈಗ ಆಶ್ಚರ್ಯದ ಸಂಗತಿ ಅಲ್ಲ. 2018ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು ಮೊದಲ ಸಲ ಬಿತ್ತು. ಅಲ್ಲಿಂದ ಈಚೆಗೆ ಜಾಲಿ ಮುಳ್ಳು ಬೆಳೆದಿದ್ದ ಅಂಗಳಗಳು ಒಂದೊಂದಾಗಿ ಮತ್ತೆ ಕೆರೆಗಳಾದವು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರಿನ ಲೆಕ್ಕದಲ್ಲಿ ಜಿಲ್ಲೆಯ 126 ಕೆರೆಗಳಿಗೆ ಹರಿಸುವುದು ಈ ಯೋಜನೆ.

ನೀರು ಬಂತು, ಸಂತೋಷ. ಈಗ ಒಂದು ಪ್ರಶ್ನೆ ಕೇಳಬೇಕಾಗಿದೆ. ಆ ಕೆರೆ ಯಾರದು? ಏರಿಯಲ್ಲಿ ಬಿಲ ಬಿದ್ದು ನೀರು ಜಿನುಗಿದರೆ ಮಧ್ಯರಾತ್ರಿ ಎದ್ದು ಹೋಗುವವರು ಯಾರು? ರಾಜಕಾಲುವೆಗೆ ಯಾರೋ ಮಣ್ಣು ಸುರಿದರೆ ಅವರ ಕೈ ಹಿಡಿಯುವವರು ಯಾರು? ಊರಿನಲ್ಲಿ ಹತ್ತು ಜನರನ್ನು ಕೇಳಿ ನೋಡಿ, ಹನ್ನೊಂದು ಉತ್ತರ ಬರುತ್ತದೆ.

ಐದು ಜನ ಯಜಮಾನರು

ಕಾಗದದ ಮೇಲೆ ಕೆರೆಗೆ ದಿಕ್ಕಿಲ್ಲ ಅಂತೇನೂ ಇಲ್ಲ. 40 ಹೆಕ್ಟೇರಿನ ತನಕ ಅಚ್ಚುಕಟ್ಟು ಇರುವ ಕೆರೆ ಪಂಚಾಯತಿ ಕಡೆಗೆ, ಅದಕ್ಕೆ ಮೇಲಿನದು ಸಣ್ಣ ನೀರಾವರಿ ಇಲಾಖೆಗೆ. ಗಡಿ ಅಳೆಯಬೇಕಾದರೆ ಕಂದಾಯ ಇಲಾಖೆ. ಮೀನಿನ ವಿಚಾರಕ್ಕೆ ಮೀನುಗಾರಿಕೆ ಇಲಾಖೆ. ಅಂಗಳದಲ್ಲಿ ನೆಟ್ಟ ಮರ ಕಡಿಯಬೇಕಾದರೆ ಅರಣ್ಯ ಇಲಾಖೆ. ಐದು ಜನ ಯಜಮಾನರಿರುವ ಮನೆಯಲ್ಲಿ ಒಲೆ ಹಚ್ಚುವವರು ಮಾತ್ರ ಯಾರೂ ಇರುವುದಿಲ್ಲ.

2021ರ ನವೆಂಬರ್ ಮಳೆ ನೆನಪಿದೆಯಲ್ಲ? ಎಷ್ಟೋ ವರ್ಷ ಕೋಡಿ ಹೋಗದ ಕೆರೆಗಳೆಲ್ಲ ಒಟ್ಟಿಗೆ ಕೋಡಿ ಹರಿದವು. ಕೋಲಾರಮ್ಮನ ಕೆರೆಯೂ ತುಂಬಿ ಹರಿಯಿತು. ಬಾಗಿನ ಕೊಡುವುದಕ್ಕೆ ಮುಖಂಡರ ಸಾಲು ನಿಂತಿತ್ತು. ಆದರೆ ನೀರು ಹರಿದು ಹೋಗುವ ದಾರಿ ಎಲ್ಲೆಲ್ಲಿ ಕಟ್ಟಿಕೊಂಡಿದೆ ಅನ್ನುವುದು ಎಷ್ಟೋ ಕಡೆ ಗೊತ್ತಾಗಿದ್ದು ನೀರು ಹೊಲಕ್ಕೂ ಮನೆಗೂ ನುಗ್ಗಿದ ಮೇಲೆ.

ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಪಾಲಾರ್ ಅಂತ ಕರೆಯುತ್ತೇವೆ, ಆದರೆ ಅದು ನಮ್ಮಲ್ಲಿ ಇರುವುದು ಕೆರೆಗಳ ಸರಪಳಿಯಾಗಿ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರದು ಇನ್ನೂ ಕೆಳಕ್ಕೆ, ಹೀಗೆ ಬೇತಮಂಗಲ ದಾಟಿ ಆಂಧ್ರಕ್ಕೆ, ಅಲ್ಲಿಂದ ತಮಿಳುನಾಡಿಗೆ. ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಕೆಳಗಿನವರಿಗೆಲ್ಲ ಕಷ್ಟ. ಕೊಳವೆಯಲ್ಲಿ ಬಂದ ಬೆಂಗಳೂರಿನ ನೀರು ಕೂಡ ಮೊದಲ ಕೆರೆ ತುಂಬಿದ ಮೇಲೆ ಇದೇ ಕಾಲುವೆ, ಇದೇ ಹಳ್ಳ ಹಿಡಿದು ಮುಂದಿನ ಕೆರೆಗೆ ಹೋಗಬೇಕು. ಬೇರೆ ದಾರಿ ಇಲ್ಲ.

ನೀರುಗಂಟಿ ಇದ್ದ ಕಾಲ

ಹಿಂದೆ ಹೇಗಿತ್ತು ಅಂದರೆ, ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಬಿಡುವುದು, ಮಳೆ ರಾತ್ರಿ ಏರಿ ಕಾಯುವುದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಕಣದಲ್ಲೇ ಅವನ ಪಾಲಿನ ದವಸ ಅಳೆದು ಕೊಡುತ್ತಿದ್ದರು. ಕೆರೆ ಅರ್ಧ ತುಂಬಿದ ವರ್ಷ ಎಲ್ಲರೂ ಅರ್ಧ ಜಮೀನು ಮಾತ್ರ ನಾಟಿ ಮಾಡಬೇಕು. ತೂಬಿನ ಹತ್ತಿರದ ಜಮೀನನ್ನೇ ಆ ಒಂದು ಬೆಳೆಗೆ ಎಲ್ಲರೂ ಹಂಚಿಕೊಂಡು ಬೆಳೆಯುವುದೂ ಇತ್ತು. ಇದಕ್ಕೆ ಹಿರಿಯರು ದಾಮಾಶ ಅಂತಿದ್ದರು. ಕೊನೆಯ ಗದ್ದೆಯವನಿಗೂ ಊಟಕ್ಕೆ ಆಗಬೇಕು ಅನ್ನುವುದು ಅದರ ಅರ್ಥ.

ಹಾಗಂತ ಹಳೆಯ ಕಾಲವೆಲ್ಲ ಚಿನ್ನ ಅಂತ ಹೊಗಳುವುದು ಬೇಡ. ತೀರ್ಮಾನ ಮಾಡುತ್ತಿದ್ದವರು ಗೌಡರು, ಶಾನುಭೋಗರು. ರಾತ್ರಿಯೆಲ್ಲ ಕೆಸರಿನಲ್ಲಿ ನಿಲ್ಲುತ್ತಿದ್ದ ನೀರುಗಂಟಿ ಹೆಚ್ಚಿನ ಊರುಗಳಲ್ಲಿ ದಲಿತ. ಅವನ ಮಗನೂ ಅದೇ ಕೆಲಸ ಮಾಡಬೇಕಿತ್ತು. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು, 1963ರಲ್ಲಿ ಜಾರಿಗೆ ಬಂತು. ಅದು ಆಗಬೇಕಾದ್ದೇ. ತಪ್ಪಿದ್ದು ಎಲ್ಲಿ ಅಂದರೆ, ಹುದ್ದೆ ಹೋಯಿತು, ಆ ಕೆಲಸವನ್ನು ಸಂಬಳ ಕೊಟ್ಟು ಬೇರೆ ಯಾರಿಗೂ ವಹಿಸಲಿಲ್ಲ.

ಕೆರೆಯನ್ನು ಊರಿನ ಕೈಗೆ ಕೊಡೋಣ ಅನ್ನುವ ಮಾತು ಹೊಸದಲ್ಲ. ಮೈಸೂರು ಸರ್ಕಾರ 1911ರಲ್ಲೇ ಕೆರೆ ಪಂಚಾಯತಿಗೆ ಕಾನೂನು ಮಾಡಿತ್ತು. 2002ರಲ್ಲಿ ವಿಶ್ವಬ್ಯಾಂಕಿನ ಸಾಲ ಪಡೆದು ಜಲ ಸಂವರ್ಧನೆ ಯೋಜನೆ ಬಂತು. ಊರೂರಿಗೆ ಕೆರೆ ಬಳಕೆದಾರರ ಸಂಘ ಆಯಿತು, ಬೋರ್ಡು ಬಿತ್ತು, ಹೂಳು ತೆಗೆದರು, ಏರಿ ಗಟ್ಟಿ ಮಾಡಿದರು. 2012ಕ್ಕೆ ಯೋಜನೆ ಮುಗಿಯಿತು. ದುಡ್ಡು ನಿಂತ ಮೇಲೆ ಎಷ್ಟೋ ಸಂಘಗಳು ಸಭೆ ಸೇರುವುದನ್ನೂ ನಿಲ್ಲಿಸಿದವು.

ಡೈರಿ ನಡೆಯುತ್ತೆ, ಕೆರೆ ಸಂಘ ಯಾಕೆ ನಡೆಯಲ್ಲ?

ಅಧಿಕಾರಿಗಳನ್ನು ಕೇಳಿದರೆ ಸುಲಭದ ಉತ್ತರ ಇದೆ: ‘ಹಳ್ಳಿ ಜನಕ್ಕೆ ಒಗ್ಗಟ್ಟಿಲ್ಲ ಸಾರ್, ಬರೀ ಪಾರ್ಟಿ ಪಾಲಿಟಿಕ್ಸು.’ ಈ ಮಾತು ಒಪ್ಪುವಂಥದ್ದಲ್ಲ. ಅದೇ ಊರಿನಲ್ಲಿ ಬೆಳಗ್ಗೆ ಸಂಜೆ ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ಅದೇ ಜನ ನಿಲ್ಲುತ್ತಾರೆ. ಅಲ್ಲೂ ಪಾರ್ಟಿ ಇದೆ, ಚುನಾವಣೆ ಇದೆ, ಜಗಳ ಇದೆ. ಆದರೂ ವರ್ಷಗಟ್ಟಲೆ ಒಂದು ದಿನವೂ ಬಿಡದೆ ಡೈರಿ ನಡೆಯುತ್ತದೆ.

ಯಾಕೆ? ಅಲ್ಲಿ ಎಲ್ಲರ ಎದುರಿಗೆ ಹಾಲು ಅಳೆಯುತ್ತಾರೆ, ಡಿಗ್ರಿ ನೋಡುತ್ತಾರೆ, ಚೀಟಿ ಕೊಡುತ್ತಾರೆ, ಬಟವಾಡೆ ಮಾಡುತ್ತಾರೆ. ಒಂದು ಹಸು ಇರುವ ವಿಧವೆಗೂ, ಹತ್ತು ಹಸು ಇರುವ ಧಣಿಗೂ ಒಂದೇ ಅಳತೆ.

ಕೆರೆಯಲ್ಲಿ ಈಗ ಅಳತೆಯೇ ಇಲ್ಲ. ಸಮಸ್ಯೆಯ ಬೇರು ಇಲ್ಲೇ ಇದೆ. ಹಿಂದೆ ಕೆರೆ ನೀರು ತೂಬಿನಿಂದ ಎಲ್ಲರ ಕಣ್ಣ ಮುಂದೆ ಹರಿಯುತ್ತಿತ್ತು. ಪಾಲು ಹೆಚ್ಚು ಕಮ್ಮಿ ಆದರೆ ಗೊತ್ತಾಗುತ್ತಿತ್ತು, ಜಗಳ ಆಡಬಹುದಿತ್ತು. ಕೆ.ಸಿ. ವ್ಯಾಲಿ ಕೆರೆಗಳಲ್ಲಿ ತೂಬು ಎತ್ತುವ ಹಾಗಿಲ್ಲ, ನೇರವಾಗಿ ಮೋಟಾರ್ ಇಟ್ಟು ನೀರೆತ್ತುವ ಹಾಗೂ ಇಲ್ಲ. ನೀರು ಭೂಮಿಗೆ ಇಂಗಲಿ, ಅಂತರ್ಜಲ ಏರಲಿ ಅನ್ನುವುದು ಉದ್ದೇಶ. ಒಳ್ಳೆಯದೇ. ಆದರೆ ಇಂಗಿದ ನೀರು ಮೇಲೆ ಬರುವುದು ಅವರವರ ಬೋರ್‌ವೆಲ್‌ನಿಂದ. ಸಾವಿರ ಅಡಿ ಕೊರೆಸುವ ಶಕ್ತಿ ಇದ್ದವನಿಗೆ ನೀರು, ಇಲ್ಲದವನಿಗೆ ಏರಿಯ ಮೇಲೆ ನಿಂತು ನೋಡುವ ಭಾಗ್ಯ. ಹತ್ತು ಅಶ್ವಶಕ್ತಿ ತನಕದ ಪಂಪಿಗೆ ಕರೆಂಟಿನ ಬಿಲ್ಲೂ ಇಲ್ಲ. ಯಾರು ಎಷ್ಟು ಎತ್ತಿದರು ಅಂತ ಕೇಳುವವರಿಲ್ಲ.

ಹೀಗಿರುವಾಗ ಬೋರ್ ಇದ್ದವನಿಗೆ ಸಂಘದ ಅಗತ್ಯ ಇಲ್ಲ. ಬೋರ್ ಇಲ್ಲದವನಿಗೆ ಸಂಘದಿಂದ ಲಾಭ ಇಲ್ಲ. ಇಬ್ಬರೂ ಸಭೆಗೆ ಬರುವುದಿಲ್ಲ. ಇದನ್ನು ಒಗ್ಗಟ್ಟಿಲ್ಲ ಅಂತ ಬೈದರೆ ಏನು ಪ್ರಯೋಜನ?

ಕುಡಿಯುವ ನೀರಿನ ಭಯ ಬೇರೆ. 2018ರ ಜುಲೈನಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು, ಹೈಕೋರ್ಟು ತಡೆ ಕೊಟ್ಟಿತು, ಆಮೇಲೆ ತೆರವಾಯಿತು. 2019ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ತಡೆ ಆಗಿ ತೆರವಾಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಟ ಮಾಡಿದವರಿದ್ದಾರೆ, ಇಷ್ಟು ನೀರಾದರೂ ಸಿಕ್ಕಿತಲ್ಲ ಅನ್ನುವವರೂ ಇದ್ದಾರೆ. ಇಬ್ಬರ ವಾದವೂ ನಡೆದದ್ದು ದೂರದ ಕೋರ್ಟಿನಲ್ಲಿ. ಆ ನೀರಿನ ಪಕ್ಕದಲ್ಲೇ ಬದುಕುವ ಊರಿನವರ ಕೈಗೆ ಅವರ ಕೆರೆಯ ಪರೀಕ್ಷೆಯ ಚೀಟಿ ತಿಂಗಳು ತಿಂಗಳು ಬರಬೇಡವೇ?

ಪಕ್ಕದ ರಾಜ್ಯದ ಒಂದು ಹಳ್ಳಿ

ಆಗದ ಮಾತು ಅಂತೀರಾ? ಮಹಾರಾಷ್ಟ್ರದ ಅಹಮದ್‌ನಗರ, ಅಂದರೆ ಈಗಿನ ಅಹಿಲ್ಯಾನಗರ ಜಿಲ್ಲೆಯಲ್ಲಿ ಹಿವರೆ ಬಜಾರ್ ಅಂತ ಒಂದು ಹಳ್ಳಿ ಇದೆ. ಅಲ್ಲಿ ಬೀಳುವುದು ನಮಗಿಂತ ಕಡಿಮೆ ಮಳೆ. 1990ರ ಸುಮಾರಿಗೆ ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಊರು ಗುಡ್ಡದ ನೀರು ತಡೆದು ನಿಲ್ಲಿಸಿತು. ಅಷ್ಟೇ ಆಗಿದ್ದರೆ ಹೇಳುವ ಅಗತ್ಯ ಇರಲಿಲ್ಲ, ಒಡ್ಡು ಕಟ್ಟುವುದು ನಮಗೂ ಗೊತ್ತು. ಅವರು ಮಾಡಿದ ದೊಡ್ಡ ಕೆಲಸ ಬೇರೆ. ಬೇಸಾಯಕ್ಕೆ ಬೋರ್‌ವೆಲ್ ಕೊರೆಸಬಾರದು, ಕಬ್ಬು ಬಾಳೆ ಹಾಕಬಾರದು ಅಂತ ಊರೇ ಕಟ್ಟಳೆ ಮಾಡಿತು. ಪ್ರತಿ ವರ್ಷ ಎಷ್ಟು ಮಳೆ ಬಿತ್ತು, ಬಾವಿಯಲ್ಲಿ ಎಷ್ಟು ನೀರಿದೆ ಅಂತ ಲೆಕ್ಕ ಹಾಕಿ, ಯಾವ ಬೆಳೆ ಬೆಳೆಯಬೇಕು ಅಂತ ಗ್ರಾಮಸಭೆಯಲ್ಲಿ ತೀರ್ಮಾನ ಮಾಡುತ್ತದೆ. ಪವಾರ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಊರಿಗೆ ಬಂದದ್ದು ನೀರು.

ನಮ್ಮ ದಾಮಾಶಕ್ಕೂ ಇದಕ್ಕೂ ದೂರ ಏನಿಲ್ಲ. ಇರುವ ನೀರನ್ನು ಮೊದಲು ಅಳೆ, ಆಮೇಲೆ ಬಿತ್ತು. ಒಂದೇ ವ್ಯತ್ಯಾಸ, ಅಲ್ಲಿ ಅಳೆಯುವುದು ಗೌಡರ ಜಗಲಿಯಲ್ಲಲ್ಲ, ಗ್ರಾಮಸಭೆಯಲ್ಲಿ.

ಏನು ಮಾಡಬೇಕು?

ಮೂರು ಕೆಲಸ ಆಗಬೇಕು. ಮೊದಲನೆಯದು ದುಡ್ಡು. ಕೆರೆಯ ಮೀನು ಹರಾಜಿನ ಹಣ, ಗೋಡು ಮಣ್ಣಿನ ಹಣ ಎಲ್ಲಿಗೋ ಹೋಗುವ ಬದಲು ಅದೇ ಕೆರೆಯ ಖಾತೆಗೆ ಬೀಳಲಿ. ಅದರಿಂದ ಒಬ್ಬ ಕಾವಲುಗಾರನಿಗೆ ತಿಂಗಳ ಸಂಬಳ ಕೊಡಲಿ. ಯಾವ ಜಾತಿಯವನಾದರೂ ಸರಿ, ಕೆಲಸ ಗೊತ್ತಿರುವವನು, ಸಂಬಳದ ನೀರುಗಂಟಿ. ಐದು ಲಕ್ಷ ಖರ್ಚಾಗುವ ಬಿರುಕನ್ನು ಐದು ಬುಟ್ಟಿ ಮಣ್ಣಿನಲ್ಲಿ ಮುಚ್ಚುವವನು ಅವನೇ.

ಎರಡನೆಯದು ಲೆಕ್ಕ. ಪಂಚಾಯತಿ ಕಚೇರಿ ಗೋಡೆಯ ಮೇಲೆ ತಿಂಗಳಿಗೊಮ್ಮೆ ಬರೆಯಲಿ: ಕೆರೆಯಲ್ಲಿ ಎಷ್ಟು ಅಡಿ ನೀರು, ಪರೀಕ್ಷೆಯಲ್ಲಿ ಏನು ಬಂತು, ಸುತ್ತ ಎಷ್ಟು ಬೋರ್‌ವೆಲ್, ಹೊಸದು ಎಷ್ಟು. ಬೋರ್ ಕೊರೆಸಲು ಅನುಮತಿ ಬೇಕು ಅನ್ನುವ ಕಾಯಿದೆ 2011ರಿಂದಲೇ ಇದೆ. ಆದರೆ ರಿಗ್ ಲಾರಿ ಬರುವುದು ರಾತ್ರಿ ಹೊತ್ತು. ತಡೆಯುವುದು ದೂರದ ಕಚೇರಿಯಿಂದ ಆಗದು, ಊರಿನ ಕಣ್ಣಿನಿಂದ ಆದೀತು.

ಮೂರನೆಯದು ಸದಸ್ಯತ್ವ. ಅಚ್ಚುಕಟ್ಟಿನಲ್ಲಿ ಪಟ್ಟಾ ಇರುವವರು ಮಾತ್ರ ಸಂಘದವರು ಅಂದರೆ ಹಳೆಯ ಕಥೆಯೇ ಆಗುತ್ತದೆ. ಕುರಿ ಮೇಯಿಸುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ನೀರು ಹೊರುವ ಹೆಂಗಸರು ಎಲ್ಲರಿಗೂ ಮತ ಇರಲಿ. ಬೋರ್ ಇದ್ದವರು ಪಾಲಿನ ಹಣ ಹಾಕಲಿ, ಇಲ್ಲದವರಿಗೆ ಮೀನಿನಲ್ಲೋ ಮೇವಿನಲ್ಲೋ ಪಾಲು ಸಿಗಲಿ.

ಇದೆಲ್ಲ ಹಳ್ಳಿಯವರ ತಲೆನೋವು, ಪೇಟೆಯವರಿಗೇನು ಅಂತ ಅಂಗಡಿಯವರು ಅಂದುಕೊಳ್ಳಬೇಡಿ. 2023ರಲ್ಲಿ ಯರಗೋಳ್ ಅಣೆಕಟ್ಟು ಉದ್ಘಾಟನೆ ಆಯಿತು, ಇನ್ನು ನಲ್ಲಿ ನೀರಿಗೆ ತೊಂದರೆ ಇಲ್ಲ ಅಂತ ಕೂತರೂ ಆಗದು. ಎ.ಪಿ.ಎಂ.ಸಿ. ಮಾರುಕಟ್ಟೆಯ ಟೊಮ್ಯಾಟೊ, ಡೈರಿಯ ಹಾಲು, ರೇಷ್ಮೆ ಗೂಡು, ಇವೆಲ್ಲ ನಿಂತಿರುವುದು ಅದೇ ಅಂತರ್ಜಲದ ಮೇಲೆ. ರೈತನ ಜೇಬಿನಲ್ಲಿ ದುಡ್ಡಿದ್ದರೆ ತಾನೇ ನಿಮ್ಮ ಗಲ್ಲಾಪೆಟ್ಟಿಗೆ ತುಂಬುವುದು? ಇನ್ನೊಂದು ಮಾತು: ಕೋಳಿ ಅಂಗಡಿಯ ಕಸ, ಒಡೆದ ಮನೆಯ ಇಟ್ಟಿಗೆ ಚೂರು ರಾತ್ರೋರಾತ್ರಿ ರಾಜಕಾಲುವೆಗೆ ಬೀಳುವುದು ಹಳ್ಳಿಯಿಂದಲ್ಲ, ಪೇಟೆಯಿಂದ.

ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಮೇಲೆ ಕೆರೆಗಳಿವೆ. ಬೆಂಗಳೂರಿನ ನೀರಿಗೆ ಮೊದಲು ಲೆಕ್ಕ ಹಾಕಿದ್ದು 126 ಕೆರೆ. ಆ ನೀರು ತಲುಪದ ಕೆರೆಗಳಿಗೆ ಇಂದಿಗೂ ಮಳೆಯೇ ಗತಿ, ಕಾಲುವೆಯೇ ಗತಿ. ಅವನ್ನು ನೋಡಿಕೊಳ್ಳಲು ಯಾವ ಪಂಪ್‌ಹೌಸೂ ಬರುವುದಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಮನೆ, ರಸ್ತೆ, ಬೀದಿ ದೀಪದ ಅರ್ಜಿಗಳ ಜೊತೆಗೆ ಒಬ್ಬರಾದರೂ ಎದ್ದು ‘ನಮ್ಮ ಕೆರೆ ಮೀನಿನ ಹರಾಜಿನ ದುಡ್ಡು ಎಲ್ಲಿಗೆ ಹೋಯಿತು?’ ಅಂತ ಕೇಳಲಿ. ಉತ್ತರ ಬರೆದುಕೊಳ್ಳಲಿ. ಕೆಲಸ ಅಲ್ಲಿಂದ ಶುರು.