ಮೂರು ತಿಂಗಳು ಮನೆಯಲ್ಲಿ ಕನ್ನಡ ಬಂದ್

ಧಾರಾವಿಯ ತೊಂಬತ್ತು ಅಡಿ ರಸ್ತೆಯ ಹಿಂದಿನ ನಮ್ಮ ಗಲ್ಲಿಯ ಹುಡುಗಿಯೊಬ್ಬಳಿಗೆ ಹನ್ನೊಂದನೆಯ ತರಗತಿ ವಿಜ್ಞಾನಕ್ಕೆ ಸೀಟು ಸಿಕ್ಕಿದೆ. ಹತ್ತರವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪೇಡೆ ಕೊಡಲು ಬಂದ ಅವಳಪ್ಪ, ಕಲಬುರಗಿ ಕಡೆಯವರು, ಹೇಳಿದರು: "ಇಂಗ್ಲಿಷ್ ಕ್ಲಾಸಿಗೆ ಹಚ್ಚೀನಿ ಅಕ್ಕಾ, 6 ಸಾವಿರ. ಕಾಲೇಜ್ ಚಾಲೂ ಆಗೂತನಾ ಮನ್ಯಾಗ ಕನ್ನಡ ಮಾತಾಡಬ್ಯಾಡ್ರಿ ಅಂದಾರ. ಈಗ ನಾನೂ ಇವರವ್ವನೂ ಸುಮ್ನ ಕುಂದುರ್ತೀವಿ." ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಇಪ್ಪತ್ತು ವರ್ಷಗಳ ಹಿಂದೆ ನನ್ನನ್ನೂ ಇಂಥದ್ದೇ ಒಂದು ಕ್ಲಾಸಿಗೆ ಹಾಕಿದ್ದರು. ಕನ್ನಡದ ಒಂದು ಮಾತು ಬಾಯಿಂದ ಬಿದ್ದರೆ ಒಂದು ರೂಪಾಯಿ ದಂಡ. ಎರಡು ತಿಂಗಳಲ್ಲಿ ನಾನು ಕಲಿತದ್ದು ನನ್ನ ಹವ್ಯಾಸ ಯಾವುದು, ನನ್ನ ಆದರ್ಶ ವ್ಯಕ್ತಿ ಯಾರು ಎಂದು ಹೇಳುವುದನ್ನು. ಕಾಲೇಜಿನಲ್ಲಿ ಯಾರೂ ನನ್ನ ಹವ್ಯಾಸ ಕೇಳಲಿಲ್ಲ. ಮೊದಲ ಪರೀಕ್ಷೆಯಲ್ಲಿ 'ರಿಫ್ರ್ಯಾಕ್ಷನ್' ವಿವರಿಸಿ ಎಂದಿತ್ತು. ಜಾಗ ಖಾಲಿ ಬಿಟ್ಟೆ. ಹೊರಗೆ ಬಂದ ಮೇಲೆ ಗೆಳತಿ ಗಾಜು, ಕಿರಣ ಅಂತ ಗೆರೆ ಎಳೆದು ತೋರಿಸಿದಾಗ ಗೊತ್ತಾಯಿತು, ಅದು ವಕ್ರೀಭವನ. ಹತ್ತನೆಯಲ್ಲಿ ಅದೇ ಪ್ರಶ್ನೆಗೆ ಪೂರ್ತಿ ಅಂಕ ತಗೊಂಡಿದ್ದೆ. ವರ್ಷ ಮುಗಿಯುವ ಮುಂಚೆ ವಿಜ್ಞಾನ ಬಿಟ್ಟೆ. ಆಮೇಲೆ ಭಾಷಾವಿಜ್ಞಾನ, ಅನುವಾದ ಕೈಹಿಡಿದವು ಅನ್ನುವುದು ಬೇರೆ ಮಾತು. ಅದನ್ನು ಒಳ್ಳೆಯದೇ ಆಯಿತು ಎಂದು ಹೇಳುವವರ ಹತ್ತಿರ ನಾನು ವಾದಕ್ಕೆ ಇಳಿಯುವುದಿಲ್ಲ.

ಆ ಪರೀಕ್ಷೆಯಲ್ಲಿ ನನಗೆ ಬಾರದೇ ಹೋದದ್ದು ಇಂಗ್ಲಿಷೂ ಅಲ್ಲ, ಭೌತಶಾಸ್ತ್ರವೂ ಅಲ್ಲ. ಗೊತ್ತಿದ್ದ ಸಂಗತಿಯ ಇನ್ನೊಂದು ಹೆಸರು ಮಾತ್ರ. ಜಿಮ್ ಕಮಿನ್ಸ್ ಎಂಬ ವಿದ್ವಾಂಸ 1979ರಷ್ಟು ಹಿಂದೆಯೇ ಎರಡು ಮಾತು ಹೇಳಿದ್ದ. ಮಾತುಕತೆಯ ಭಾಷೆ ಬೇರೆ, ಪಾಠದ ಭಾಷೆ ಬೇರೆ. ಮೊದಲನೆಯದು ಬಂದರೆ ಎರಡನೆಯದು ತಾನಾಗಿ ಬರುವುದಿಲ್ಲ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಕಲಿತ ಪರಿಕಲ್ಪನೆ ಇನ್ನೊಂದು ಭಾಷೆಗೆ ದಾಟಬಲ್ಲದು. ಬೋರ್ಡು ಹಾಕಿಕೊಂಡ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳು ಮೊದಲನೆಯದನ್ನು ಮಾರುತ್ತವೆ. ಎರಡನೆಯದಕ್ಕೆ ಬೇಕಾದ ಸರಕನ್ನು ದಂಡ ಹಾಕಿ ಕಸಿದುಕೊಳ್ಳುತ್ತವೆ.

ಆ ಸರಕು ಎಷ್ಟಿದೆ ನೋಡಿ. ಹುಡುಗಿಯ ಅಪ್ಪ ದುಡಿಯುವುದು 13ನೇ ಕಾಂಪೌಂಡಿನಲ್ಲಿ, ಪ್ಲಾಸ್ಟಿಕ್ ಬೇರ್ಪಡಿಸುವ ಕೆಲಸ. ಚೂರುಗಳನ್ನು ನೀರಿಗೆ ಸುರಿದರೆ ನೀರಿನ ಬಾಟಲಿಯ ಚೂರು ತಳ ಸೇರುತ್ತದೆ, ಅದೇ ಬಾಟಲಿಯ ಮುಚ್ಚಳದ ಚೂರು ತೇಲುತ್ತದೆ. ಯಾವುದು ಮುಳುಗುತ್ತದೆ, ಯಾವುದು ತೇಲುತ್ತದೆ ಎಂದು ಅವರು ಕೈಯಲ್ಲಿ ಹಿಡಿದೇ ಹೇಳುತ್ತಾರೆ. ಮಗಳು ಪುಸ್ತಕದಲ್ಲಿ ಇದನ್ನೇ ಸಾಂದ್ರತೆ ಎಂದು ಓದಿದ್ದಾಳೆ. ಕಾಲೇಜಿನಲ್ಲಿ 'ಡೆನ್ಸಿಟಿ' ಅನ್ನುತ್ತಾರೆ. ಮೂರನೆಯ ಹೆಸರು ಕಲಿಯಲು ಅರ್ಧ ನಿಮಿಷ ಸಾಕು. ಆದರೆ ಆ ಮನೆಯಲ್ಲಿ ಈಗ ಬಾಯಿ ಮುಚ್ಚಿಸಿರುವುದು ಮೊದಲನೆಯ ಅರ್ಥ ಗೊತ್ತಿರುವ ಮನುಷ್ಯನದು!

ಕಷ್ಟವೆಂದು ಹೆದರಿಸುವ ಪದಗಳೂ ಅಂಥ ಗಹನವಲ್ಲ. 'ಇನರ್ಷಿಯಾ' ಎಂದರೆ ಲ್ಯಾಟಿನ್ನಿನಲ್ಲಿ ಸೋಮಾರಿತನ. ನಮ್ಮ ಜಡತ್ವವೂ ಅದೇ ಮನೆಯದು. 'ಆ್ಯಸಿಡ್' ಮೂಲದಲ್ಲಿ ಹುಳಿ, ಆಮ್ಲವೂ ಹುಳಿ. ಇಂಗ್ಲಿಷಿನವರು ಎರವಲು ತಂದ 'ರಿಫ್ರ್ಯಾಕ್ಷನ್'ನಲ್ಲಿ ಕಿರಣ ಮುರಿಯುತ್ತದೆ, ನಮ್ಮ ವಕ್ರೀಭವನದಲ್ಲಿ ಬಾಗುತ್ತದೆ. ಇಷ್ಟೇ ಜಗಳ.

ಹಾಗಾದರೆ ಏನು ಮಾಡಬೇಕು? ಬಾಲಭಾರತಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕುತ್ತದೆ. ಎರಡೂ ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಪಾಠ ಅದೇ, ಚಿತ್ರ ಅದೇ, ಪ್ರಶ್ನೆ ಅದೇ. ಅನುವಾದಕಿಯಾಗಿ ಹೇಳುತ್ತೇನೆ, ಹೀಗೆ ಎರಡು ಭಾಷೆಯಲ್ಲಿ ಅಕ್ಕಪಕ್ಕ ಇಡಬಹುದಾದ ಪಠ್ಯ ಸಿಗಲು ನಾವು ಪರದಾಡುತ್ತೇವೆ. ಮಗು ಕನ್ನಡದ ಪುಟವನ್ನು ಒಮ್ಮೆ ಓದಲಿ, ಆಮೇಲೆ ಇಂಗ್ಲಿಷಿನದನ್ನು ಓದಲಿ, ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆಯಲಿ. ಕೊನೆಗೆ ಪಾಠದ ಒಂದು ಪ್ರಶ್ನೆಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಉತ್ತರ. ವ್ಯಾಕರಣ ತಪ್ಪಲಿ, ಪರವಾಗಿಲ್ಲ. ದಿನಕ್ಕೆ ಒಂದು ತಾಸು.

ಒಂದು ತಾಸಿಗಿಂತ ಹೆಚ್ಚು ಕೇಳಲು ನನಗೆ ಬಾಯಿಲ್ಲ. ಇಲ್ಲಿ ಈ ತಿಂಗಳುಗಳು ರಜೆಯಲ್ಲ. ಹುಡುಗರು ಕಾರಖಾನೆಗೆ ಹೋಗುತ್ತಾರೆ, ಹುಡುಗಿಯರು ಮನೆಯಲ್ಲಿ ಉಡುಪಿನ ದಾರ ಕತ್ತರಿಸುತ್ತಾರೆ. ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರ ಬೇಕೆಂದರೆ ಪರಿಶಿಷ್ಟ ಜಾತಿಯವರು 1950ರ ಆಗಸ್ಟ್ 10ಕ್ಕೂ ಮುಂಚಿನಿಂದ ಕುಟುಂಬ ಇಲ್ಲಿದೆಯೆಂಬ ದಾಖಲೆ ತೋರಿಸಬೇಕು. ಆಮೇಲೆ ಬಂದ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆದು ಸುಸ್ತಾಗುತ್ತಾರೆ. ಪ್ರವೇಶದ ಪಟ್ಟಿಗಳೋ, ಒಂದರ ಹಿಂದೊಂದು ಎಳೆಯುತ್ತಲೇ ಇರುತ್ತವೆ. 2025ರಲ್ಲಿ ಮೇ 13ಕ್ಕೆ ಹತ್ತನೆಯ ಫಲಿತಾಂಶ ಬಂತು, ಪ್ರವೇಶದ ಗಲಾಟೆ ಆಗಸ್ಟ್‌ವರೆಗೂ ಹೋಯಿತು. 2020ರಲ್ಲಿ ಸೆಪ್ಟೆಂಬರ್ 9ರ ಸುಪ್ರೀಂ ಕೋರ್ಟ್ ತಡೆಯಾಜ್ಞೆಯಿಂದ ಹನ್ನೊಂದನೆಯ ಪ್ರವೇಶವೇ ನಿಂತು, ನವೆಂಬರ್ ಕೊನೆಯಲ್ಲಿ ಮತ್ತೆ ಶುರುವಾಯಿತು. ಈ ಕಾಯುವಿಕೆ ಸರಕಾರ ಹೇರಿದ್ದು. ಅದನ್ನು ಹೇಗೆ ಕಳೆಯಬೇಕೆಂದು ಮಕ್ಕಳಿಗೆ ಉಪದೇಶ ಮಾಡುವವರು ಇದನ್ನು ನೆನಪಿಡಬೇಕು.

ಇನ್ನು ನಮ್ಮವರ ಮಾತು. ಮುಂಬಯಿಯಲ್ಲಿ ಕನ್ನಡ ಸಂಘಗಳಿಗೆ ಬರವಿಲ್ಲ. ಫಲಿತಾಂಶ ಬಂದ ಕೂಡಲೇ ಪ್ರತಿಭಾ ಪುರಸ್ಕಾರ: ಶಾಲು, ಹಾರ, ಸ್ಮರಣಿಕೆ, ಕನ್ನಡ ಮಾಧ್ಯಮದ ಹಿರಿಮೆಯ ಬಗ್ಗೆ ಮುಕ್ಕಾಲು ತಾಸಿನ ಭಾಷಣ. ಆ ಮಗು ಮರುದಿನ ಏನು ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರನ್ನು ರಾತ್ರಿ ಶಾಲೆಯಲ್ಲಿ ಕೂರಿಸಿ ಓದಿಸಿದ ಊರು ಇದು. ನಮಗೆ ಇದು ಹೊಸ ಕೆಲಸವೇನಲ್ಲ. ಒಂದು ಕೋಣೆ, ಎರಡು ಟ್ಯೂಬ್‌ಲೈಟು, ಸಂಜೆ ಏಳರಿಂದ ಎಂಟರವರೆಗೆ ಕೂರಲು ಒಬ್ಬ ಬಿ.ಎಸ್ಸಿ. ಹುಡುಗ ಅಥವಾ ಹುಡುಗಿ, ಅವರಿಗೆ ಒಂದಿಷ್ಟು ಸಂಬಳ. ಶಾಲಿನ ಖರ್ಚಿನಲ್ಲೇ ಆಗುತ್ತದೆ. ಭಾನುವಾರಗಳಿಗೆ ನಾನು ಬರುತ್ತೇನೆ, ಸಂಬಳ ಬೇಡ.

ಆ ಹುಡುಗಿಯ ಕ್ಲಾಸಿಗೆ 3 ಸಾವಿರ ಆಗಲೇ ಕಟ್ಟಿಯಾಗಿದೆ, ವಾಪಸ್ ಕೊಡುವುದಿಲ್ಲವಂತೆ. ಎರಡನೆಯ ಕಂತು ಕಟ್ಟಬೇಡಿ ಎಂದು ನಿನ್ನೆ ರಾತ್ರಿ ಅವರ ಮನೆಗೆ ಹೋಗಿ ಹೇಳಿ ಬಂದಿದ್ದೇನೆ. ಕನ್ನಡದಲ್ಲೇ ಹೇಳಿದೆ.