ಪ್ಲಾಸ್ಮಾ ಕೊಟ್ಟರೆ ಹಣ ಬರುತ್ತದೆಯೇ? ರಕ್ತದಾನಿ ಕುಟುಂಬಗಳು ತಿಳಿದಿರಬೇಕಾದ ಸಂಗತಿ

ಸಕಲೇಶಪುರ: ಶಿರಾಡಿ ಘಾಟಿಯ ನೆತ್ತಿಯಲ್ಲಿರುವ ಮಾರನಹಳ್ಳಿ ಬಳಿ ದೊಡ್ಡ ಅಪಘಾತವಾದರೆ ಗಾಯಾಳುವನ್ನು ಮೇಲಕ್ಕೆ ಹಾಸನಕ್ಕೋ ಕೆಳಗೆ ಮಂಗಳೂರಿಗೋ ಒಯ್ಯಬೇಕು. ರಕ್ತಕ್ಕಾಗಿ ಅಲೆಯುವುದು ಏನೆಂದು ಈ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ಹಾಗಿರುವಾಗ, ಅಮೆರಿಕದಲ್ಲಿ ಪ್ಲಾಸ್ಮಾ ಕೊಟ್ಟು ಡಾಲರ್ ಎಣಿಸುವವರ ಸುದ್ದಿ ಕೇಳಿದ ಯುವಕರು 'ಇಲ್ಲೂ ಸಾಧ್ಯವೇ' ಎಂದು ಕೇಳಿದರೆ ಆಶ್ಚರ್ಯವಿಲ್ಲ.

ಸಾಧ್ಯವಿಲ್ಲ. ಕಾಮನ್ ಕಾಸ್ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ ನೀಡಿದ ತೀರ್ಪಿನಂತೆ, 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಕೊಡುವ ಪದ್ಧತಿ ದೇಶದಲ್ಲಿ ನಿಂತಿತು. ಅದಕ್ಕೆ ಮೊದಲು ಹಸಿದವರು, ವ್ಯಸನಿಗಳು ಮತ್ತೆ ಮತ್ತೆ ರಕ್ತ ಮಾರುತ್ತಿದ್ದರು. ಹಣ ಬೇಕಾದವನು ತನ್ನ ಕಾಯಿಲೆಯನ್ನು ಮುಚ್ಚಿಡುತ್ತಾನೆ. ಅದರ ಫಲ ಉಣ್ಣುವವನು ಹಾಸಿಗೆಯಲ್ಲಿರುವ ರೋಗಿ.

ಆದರೆ ನಮ್ಮ ರಾಜ್ಯದಲ್ಲೇ ಈ ಗೆರೆ ಒಮ್ಮೆ ಮಸುಕಾಗಿತ್ತು. 2020ರ ಜುಲೈನಲ್ಲಿ, ಕೊರೊನಾದಿಂದ ಗುಣವಾಗಿ ಪ್ಲಾಸ್ಮಾ ಕೊಡುವವರಿಗೆ 5,000 ರೂ. ಪ್ರೋತ್ಸಾಹಧನವನ್ನು ಕರ್ನಾಟಕ ಸರ್ಕಾರ ಪ್ರಕಟಿಸಿತು. ಜನ ಆತಂಕದಲ್ಲಿದ್ದ ಕಾಲ, ಉದ್ದೇಶವೂ ಒಳ್ಳೆಯದೇ. ಆದರೂ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತವನಿಗೆ ಅದು ಪ್ರೋತ್ಸಾಹವಾಗಿ ಕಂಡಿರುತ್ತದೆಯೇ, ಬೆಲೆಯಾಗಿಯೇ? ಕೊನೆಗೆ ಆ ಚಿಕಿತ್ಸೆಯೇ ನಿಲ್ಲಲಿಲ್ಲ. 39 ಆಸ್ಪತ್ರೆಗಳ 464 ರೋಗಿಗಳ ಮೇಲೆ ಐಸಿಎಂಆರ್ ನಡೆಸಿದ ಪರೀಕ್ಷೆಯಲ್ಲಿ ಸಾವು ಕಡಿಮೆಯಾಗಲಿಲ್ಲ. 2021ರ ಮೇ ತಿಂಗಳಲ್ಲಿ ಅದನ್ನು ಮಾರ್ಗಸೂಚಿಯಿಂದ ಕೈಬಿಡಲಾಯಿತು.

ಹಾಗೆಂದು ಪ್ಲಾಸ್ಮಾಕ್ಕೆ ಬೆಲೆಯೇ ಇಲ್ಲವೆಂದಲ್ಲ. ಶಿಬಿರದಲ್ಲಿ ಕೊಟ್ಟ ರಕ್ತದಿಂದ ಕೆಂಪುಕಣ ಬೇರ್ಪಡಿಸಿದ ಮೇಲೆ ಉಳಿಯುವ ಹೆಚ್ಚುವರಿ ಪ್ಲಾಸ್ಮಾ ಔಷಧ ಕಾರ್ಖಾನೆಗೆ ಹೋಗಬಹುದು. ಅಲ್ಲಿ ಆಲ್ಬುಮಿನ್, ಇಮ್ಯುನೊಗ್ಲಾಬ್ಯುಲಿನ್, ಹಿಮೋಫಿಲಿಯಾ ಮಕ್ಕಳಿಗೆ ಬೇಕಾದ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ತಯಾರಾಗುತ್ತವೆ. ಇದಕ್ಕೆ ಕೇಂದ್ರ ಆರೋಗ್ಯ ಸಚಿವಾಲಯ 2015ರಲ್ಲಿ ಲೀಟರಿಗೆ 1,600 ರೂ. ವಿನಿಮಯ ಮೌಲ್ಯ ನಿಗದಿ ಮಾಡಿತು. ರಕ್ತನಿಧಿ ಅದನ್ನು ಸಲಕರಣೆ ಅಥವಾ ಔಷಧದ ರೂಪದಲ್ಲಿ ಪಡೆಯಬೇಕು, ನಗದಾಗಿ ಅಲ್ಲ. ಒಂದು ಲೀಟರಿಗೆ ಐದಾರು ದಾನಿಗಳು ಬೇಕು. ಅಂದರೆ ಒಬ್ಬರ ಪಾಲು ಹೆಚ್ಚೆಂದರೆ ಮುನ್ನೂರು ರೂಪಾಯಿ ಆಸುಪಾಸು! ಮೇಲಾದಾಯದ ಕನಸು ಇಷ್ಟರಲ್ಲೇ ಮುಗಿಯುತ್ತದೆ.

ದಾನಿಗೆ ಹಣ ಬೇಡ, ಸರಿ. ಲೆಕ್ಕ ಕೇಳುವ ಹಕ್ಕು ಮಾತ್ರ ಇದೆ. ನಮ್ಮ ಶಿಬಿರದ ಪ್ಲಾಸ್ಮಾ ಎಲ್ಲಿಗೆ ಹೋಯಿತು, ಬದಲಿಗೆ ಏನು ಬಂತು ಎಂದು ಎಷ್ಟು ಸಂಘಟಕರು ರಕ್ತನಿಧಿಯನ್ನು ವಿಚಾರಿಸಿದ್ದಾರೆ? ಫೋಟೊ, ಪ್ರಮಾಣಪತ್ರ, ತಂಪು ಪಾನೀಯಕ್ಕೆ ಶಿಬಿರ ಮುಗಿದುಬಿಡುತ್ತದೆ.

ಇನ್ನೊಂದು ತೊಡಕು ದಿನಾಂಕದ್ದು. ಹೆಪ್ಪುಗಟ್ಟಿಸಿಟ್ಟ ಪ್ಲಾಸ್ಮಾ ವರ್ಷದವರೆಗೆ ಉಳಿದರೆ ಕೆಂಪುಕಣ ಉಳಿಯುವುದು 35ರಿಂದ 42 ದಿನ. ಮಹಾವೀರ ಜಯಂತಿಯಂದು ನೀಡಿದ ರಕ್ತ ಮಳೆಗಾಲ ಹಿಡಿಯುವ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ. ದೋಣಿಗಾಲ್ ಕಡೆ ಗುಡ್ಡ ಕುಸಿದು ಹೆದ್ದಾರಿ ಮುಚ್ಚುವುದು ಜುಲೈ ಆಸುಪಾಸಿನಲ್ಲಿ. ಜಯಂತಿ ಶಿಬಿರದ ಪಟ್ಟಿಯಲ್ಲಿರುವ ಅರ್ಧದಷ್ಟು ಹೆಸರುಗಳನ್ನು ಆ ತಿಂಗಳಿಗೆ ಎತ್ತಿಡಲು ಸಂಘಟಕರಿಗೆ ಒಂದು ಪೈಸೆ ಖರ್ಚಿಲ್ಲ.